ಮುಖಪುಟದ ನಗು

ಅಂಗಡಿಯ ಮುಂದಿನ ಹಗ್ಗಕ್ಕೆ ಕ್ಲಿಪ್ ಹಾಕಿ ನನ್ನನ್ನು ನೇತುಹಾಕಿದ್ದರು. ವಾರಪತ್ರಿಕೆಯ ಮುಖಪುಟದ ತುಂಬ ನನ್ನದೇ ಮುಖ, ಹಲ್ಲು ಕಿರಿದು ನಗುತ್ತಿದ್ದೆ. ಪಕ್ಕದಲ್ಲಿ ಆಸ್ಪತ್ರೆಯ ಖಾಲಿ ತೊಟ್ಟಿಲು. ಕೆಳಗೆ ಎರಡೇ ಪದ: ‘ಮಗು ಎಲ್ಲಿ?’

ನಾನು ಹೆರಿಗೆ ವಾರ್ಡಿನ ನರ್ಸ್. ಹಿಂದಿನ ವಾರ ನನ್ನ ಪಾಳಿಯಲ್ಲಿ ಒಂದು ಕೂಸು ಕಾಣೆಯಾಗಿತ್ತು. ವಿಚಾರಣೆ ಮುಗಿಯುವವರೆಗೆ ಔಷಧಿ ಸ್ಟೋರಿನಲ್ಲಿ ಕೂರು ಎಂದಿದ್ದರು. ನನಗೆ ಬೇರೇನೂ ಬೇಡ, ನನ್ನ ವಾರ್ಡು ವಾಪಸ್ ಬೇಕಿತ್ತು. ಆ ಆಸೆಯ ಮೇಲೆ ಮಣ್ಣು ಹಾಕಿದವಳು, ಆ ಮುಖಪುಟ ಮಾಡಿದವಳು, ನನ್ನ ಒಡಹುಟ್ಟಿದ ತಂಗಿ.

ನೇರ ಅವಳ ಆಫೀಸಿಗೆ ನುಗ್ಗಿದೆ. ತುಂಬು ಬಸುರಿ, ಬೆನ್ನಿಗೆ ದಿಂಬು ಕೊಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದಳು. ಪತ್ರಿಕೆಯನ್ನು ಕೀಬೋರ್ಡಿನ ಮೇಲೆ ಎಸೆದೆ.

“ಈ ಫೋಟೊ ಎಲ್ಲಿಂದ ಬಂತೇ?”

“ನನ್ನ ಫೋನಲ್ಲಿತ್ತು.”

“ನಿನ್ನ ದೊಡ್ಡ ಮಗಳು ಕೂಸಾಗಿದ್ದಾಗ ತೆಗ್ದಿದ್ದು. ಅವಳನ್ನ ಎತ್ಕೊಂಡು ನಕ್ಕಿದ್ದೆ ನಾನು. ಮಗು ಎಲ್ಲಿ ಅಂತ ನಾನು ಕೇಳ್ಬೇಕು ನಿನ್ನ!”

ಫೋಟೊದಿಂದ ಮಗುವನ್ನು ಅಳಿಸಿಹಾಕಿದ್ದಳು. ಅದು ಹಿಡಿದೆಳೆದಿದ್ದ ನನ್ನ ಕೂದಲು ಮಾತ್ರ ಹಾಗೇ ಕೆದರಿಕೊಂಡಿತ್ತು. ಎಳೆದ ಮುಷ್ಟಿ ಇಲ್ಲದೆ ನೋಡಿದರೆ ಥೇಟ್ ಹುಚ್ಚಿ.

“ಒಂದೇ ಒಂದು ಸುಳ್ಳು ತೋರ್ಸು. ನೀನು ನಕ್ಕಿದ್ದು ನಿಜ, ತೊಟ್ಟಿಲು ನಿಮ್ಮ ವಾರ್ಡಿಂದೇ. ಒಳಗೆ ಓದು, ನಿನ್ನ ತಪ್ಪಿಲ್ಲ ಅಂತಾನೇ ಬರ್ದಿದಾರೆ.”

“ಒಳಗೆ ಯಾರು ಓದ್ತಾರೆ? ಮಗೂನೂ ಚಿವುಟಿ ತೊಟ್ಟಿಲೂ ತೂಗ್ತೀಯಾ?”

“ಮುಖಪುಟ ನನ್ನ ಕೈಗೆ ಕೊಟ್ಟಿದ್ದು ಇದೇ ಮೊದ್ಲು, ಅಕ್ಕ. ಬೇಡ ಅನ್ನೋಕಾಗುತ್ತಾ?” ಎಂದವಳು, ತಡೆಯಲಾರದೆ ಪುಟದ ಮೇಲೆ ಬೆರಳಾಡಿಸಿದಳು. “ನೋಡು, ಕಣ್ಣು ಮೊದ್ಲು ಹಲ್ಲಿನ ಮೇಲೆ ಬೀಳುತ್ತೆ. ಅಲ್ಲಿಂದ ತೊಟ್ಟಿಲಿಗೆ ಜಾರುತ್ತೆ. ಆಮೇಲೆ ಪ್ರಶ್ನೆ. ಉತ್ತರ ನಾವು ಬರೆಯಲ್ಲ, ನೋಡೋರೇ ತುಂಬ್ಕೋತಾರೆ.”

ಹೊಸ ಅಡುಗೆಯ ರುಚಿ ಹೇಳುವವಳ ಹಾಗೆ ಹೇಳಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಬಸುರಿ ಎಂದು ಕೈ ಮಾಡಲಿಲ್ಲ, ಅಷ್ಟೇ. ಅಂದಿನಿಂದ ಮಾತು ಬಿಟ್ಟೆ.

ಕೂಸು ಸಿಕ್ಕಿತು. ಹೆಂಡತಿಯ ಜೊತೆ ಜಗಳಾಡಿ ಅದರ ಅಪ್ಪನೇ ಹೊತ್ತೊಯ್ದಿದ್ದ. ಪತ್ರಿಕೆ ಆ ಸುದ್ದಿಯನ್ನು ಕೊನೆಯ ಪುಟದ ಮೂಲೆಗೆ ತುರುಕಿತು, ಫೋಟೊ ಇಲ್ಲದೆ. ನನಗೆ ವಾರ್ಡು ಸಿಕ್ಕಿತು. ಆದರೆ ಬಾಣಂತಿಯರು ನನ್ನನ್ನು ಕಂಡೊಡನೆ ಮಗುವನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದರು. ಒಬ್ಬಳ ಅತ್ತೆಯಂತೂ ತೂಕದ ಕೋಣೆಯವರೆಗೂ ಬೆನ್ನು ಬಿಡಲಿಲ್ಲ. ನಗುವುದನ್ನೇ ನಿಲ್ಲಿಸಿದೆ. ಆಗ ‘ಮುಖ ನೋಡು, ಕಲ್ಲು’ ಎಂದರು. ಇವರ ಬಾಯಿಗೆ ಯಾರು ಬೀಗ ಹಾಕುತ್ತಾರೆ?

ಒಂದು ಮಧ್ಯಾಹ್ನ ತಂಗಿಗೆ ನೋವು ಬಂತು. ಹತ್ತಿರದ ಆಸ್ಪತ್ರೆ ನಮ್ಮದೇ. “ಅತ್ತಿಗೆ, ನೀವೇ ನೋಡ್ಕೊಳ್ಳಿ” ಎಂದು ಅವಳ ಗಂಡ ಹೊರಗೆ ನಿಂತ. ಅವಳು ನನ್ನ ಕೈಯನ್ನೇ ಹಿಡಿದು ಕಿರುಚಿದಳು, ಉಗುರು ನಾಟಿತು. ಇವಳ ನೋವು ಕಂಡು ನನ್ನ ಸಿಟ್ಟು ತೀರಲಿ ಎಂದು ಕಾದೆ. ತೀರಲಿಲ್ಲ. ‘ಇನ್ನೊಂಚೂರು, ಪುಟ್ಟಾ’ ಎಂದು ಅವಳ ಹಣೆ ಒರೆಸುತ್ತಿದ್ದೆ.

ಗಂಡು ಮಗು. ಒರೆಸಿ, ಅವಳಿಗೆ ತೋರಿಸಿ, ತೂಕಕ್ಕೆಂದು ಪಕ್ಕದ ಕೋಣೆಗೆ ಹೊರಟೆ.

“ಅಕ್ಕ.”

ತಿರುಗಿದೆ. ಅವಳು ಮಗುವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು.

“ಮಗು ಇಲ್ಲೇ ಇರ್ಲಿ. ಬೇರೆ ಸಿಸ್ಟರನ್ನ ಕರಿ, ಅವರು ತಗೊಂಡು ಹೋಗ್ಲಿ.”

“ನಾನು ಕಣೇ.”

“ಗೊತ್ತು.” ಅಳುತ್ತಿದ್ದಳು. “ನಂಗೆಲ್ಲಾ ಗೊತ್ತಕ್ಕ. ಆದ್ರೂ ಭಯ ಆಗುತ್ತೆ. ಕೊಟ್ಬಿಡು.”

ಮಗುವನ್ನು ಅವಳ ಎದೆಯ ಮೇಲಿಟ್ಟು ಇನ್ನೊಬ್ಬ ನರ್ಸನ್ನು ಕೂಗಿದೆ. ತಂಗಿ ಎರಡೂ ಕೈಯಿಂದ ಬಾಚಿ ಹಿಡಿದುಕೊಂಡಳು, ನಾನು ಬಾಗಿಲು ದಾಟುವವರೆಗೂ ಸಡಿಲಿಸಲಿಲ್ಲ. ಮರುದಿನ ಹೋಗಿ, ಔಷಧಿ ಸ್ಟೋರಿನ ಕೆಲಸವನ್ನು ನಾನೇ ಬಾಯಿಬಿಟ್ಟು ಕೇಳಿ ತೆಗೆದುಕೊಂಡೆ.