ಹೊಲಿಗೆ ಮಿಷಿನ್ ಇರುವ ಸಿನಿಮಾ

ಜೈನಾಬ್ ಮಾತಿಲ್ಲದೆ ಕಚ್ಚಾ ದಾರ ಕೀಳುತ್ತಿದ್ದಳು. ಹೊಲಿದು ಮುಗಿದ ಲಂಗದ ಅಂಚಿನಲ್ಲಿ ಮೊದಲು ಕೈಯಿಂದ ಹಾಕಿದ್ದ ಉದ್ದುದ್ದ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಎಬ್ಬಿಸುವುದು, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುವುದು. ಸುತ್ತ ಕುಳಿತ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದವು. ದಾರ ತುಂಡಾಗದೆ ಪೂರಾ ಬಂದರೆ ಅದು ಅವರದು. ನಡುವೆ ತುಂಡಾದರೆ ಯಾರಿಗೂ ಇಲ್ಲ. ಇದು ಮಕ್ಕಳೇ ಮಾಡಿಕೊಂಡ ಕಾಯಿದೆ. ಯಾರಾದರೂ ಮಾತಾಡಿದರೆ ದಾರ ತುಂಡಾಗುತ್ತದೆ ಎಂಬುದೂ ಆ ಕಾಯಿದೆಯಲ್ಲೇ ಸೇರಿತ್ತು.

ಎಲ್ಲ ಆ ಓಣಿಯ ಮಕ್ಕಳೇ. ಮೆಕ್ಯಾನಿಕ್ ಹಸನ್ ಸಾಬನ ಮಗ ಮಕ್ತುಂ, ಬಾಜು ಮನೆಯ ಬಸಲಿಂಗಮ್ಮನ ಮಗಳು ಜಂಬಿ, ಜೊತೆಗೆ, ಒಬ್ಬರ ಹೆಸರು ಕೂಗಿದರೆ ಎಲ್ಲರೂ ಓ ಅನ್ನುವ ಚಿಲ್ಟುಗಳು. ಹಗರಿಬೊಮ್ಮನಹಳ್ಳಿಯಲ್ಲಿ ಬಿಸಿಲು ಏರುವ ಹೊತ್ತಿಗೆ ಅವು ಜೈನಾಬಳ ಮನೆಗೆ ಬಂದು ಬೀಳುತ್ತಿದ್ದವು. ಹೊಲಿಗೆ ಮಿಷಿನ್ನಿನ ಕೆಳಗಿನ ಅಗಲವಾದ ಕಬ್ಬಿಣದ ಮೆಟ್ಟು ಅವರ ಬಸ್ಸು. ಅದರ ಒಂದು ಮೂಲೆಯಲ್ಲಿ ಜಂಬಿ ಕೂರುತ್ತಿದ್ದಳು. ಉಳಿದ ಜಾಗದಲ್ಲಿ ಜೈನಾಬ್ ಪಾದವಿಟ್ಟು ತುಳಿಯುತ್ತಿದ್ದಳು. ಬಸ್ಸು ಹಂಪಸಾಗರ ನೋಡಿಕೊಂಡು, ಹಡಗಲಿ ದಾಟಿ, ಇಟ್ಟಿಗಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. ಕೆಡಿಸುವವನು ಮಕ್ತುಂ. ಅಪ್ಪ ಮೆಕ್ಯಾನಿಕ್ ಆದ್ದರಿಂದ ರಿಪೇರಿಯ ಹಕ್ಕೂ ಅವನದೇ.

ಜೈನಾಬ್ ಆರನೇ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡಿದ್ದಳು. ಸ್ಕೂಲಿನ ಚೀಲ ಗೂಟಕ್ಕೇರಿತು, ರೊಟ್ಟಿ ಬಡಿಯುವ ಕೈಗೆ ಕತ್ತರಿಯೂ ಬಂತು. ತಂದೆ ಮಾಬುಸಾಬ್ ಬಸ್‌ಸ್ಟ್ಯಾಂಡಿನ ಹತ್ತಿರ ಗಂಡಸರ ಬಟ್ಟೆ ಹೊಲಿಯುತ್ತಿದ್ದ. ಹೆಂಗಸರ, ಮಕ್ಕಳ ಬಟ್ಟೆ ಮನೆಗೆ ಬರುತ್ತಿದ್ದವು. ಹೆಂಡತಿ ಹೋದ ಮೇಲೆ ಅವನ ಬಾಯಲ್ಲಿ ಮಾತು ಉಳಿದಿದ್ದು ಕಡಿಮೆ. ಕತ್ತಲಾದ ಮೇಲೆ ಬಂದು "ಬೇಟಿ, ನೀರು" ಅನ್ನುತ್ತಿದ್ದ. ಉಂಡು "ದೀಪ ಸಣ್ಣ ಮಾಡು" ಅನ್ನುತ್ತಿದ್ದ. ಮಕ್ಕಳು ಬಾರದ ಹಬ್ಬದ ದಿನಗಳಲ್ಲಿ ಜೈನಾಬಳಿಗೆ ಸಂಜೆಯವರೆಗೂ ತನ್ನ ದನಿ ಕೇಳಿಸುತ್ತಿರಲಿಲ್ಲ. ಒಮ್ಮೊಮ್ಮೆ ಅದು ಇದೆಯೋ ಇಲ್ಲವೋ ನೋಡಲು ಸುಮ್ಮನೆ ಕೆಮ್ಮುತ್ತಿದ್ದಳು.

ಎಮರ್ಜೆನ್ಸಿ ಮುಗಿದ ಮರುವರ್ಷ, ಸುಗ್ಗಿ ಕಳೆಯುತ್ತಲೇ, ಊರ ಹೊರಗಿನ ಬಯಲಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತು. ಸಿನಿಮಾ ಬದಲಾದಾಗಲೆಲ್ಲ ಜಟಕಾಕ್ಕೆ ಮೈಕು ಕಟ್ಟಿಕೊಂಡು ಒಬ್ಬ ಓಣಿ ಓಣಿ ಕೂಗುತ್ತಿದ್ದ. ದೆವ್ವದ ಸಿನಿಮಾ ಬಂದ ದಿನ ಅವನ ದನಿಯೇ ಬೇರೆಯಾಗಿತ್ತು.

"ಬನ್ನಿ, ನೋಡಿ, ನಡುಗಿ! ಗುಂಡಿಗೆ ಗಟ್ಟಿ ಇಲ್ಲದವರು ಮನೆಯಲ್ಲೇ ಉಳಿಯಿರಿ! ಬಸುರಿ ಹೆಂಗಸರು ದಯವಿಟ್ಟು ಬರಬೇಡಿ!"

ಬರಬೇಡಿ ಎಂದ ಮೇಲೆ ಯಾರು ತಾನೆ ಬಿಡುತ್ತಾರೆ! ಮಕ್ಕಳು ಜಟಕಾದ ಹಿಂದೆ ಓಡಿದವು. ಮಕ್ತುಂ ಜಟಕಾದಿಂದ ಎಸೆದ ಗುಲಾಬಿ ಬಣ್ಣದ ಜಾಹೀರಾತಿನ ಚೀಟಿ ಹಿಡಿದುಕೊಂಡು ಬಂದ. ಜಂಬಿ ಜೈನಾಬಳ ಮೊಣಕೈ ಜಗ್ಗಿದಳು. "ಅಕ್ಕಾ, ನಾವು ಎಂದು ಹೋಗಾದು?"

ಹೋಗುವುದು ಜೈನಾಬಳ ಜೊತೆಗೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮದುವೆಯಾಗದ ಹುಡುಗಿ ಡೇರೆಗೆ ಒಬ್ಬಳೇ ಹೋದರೆ ಹತ್ತು ಬಾಯಿ ತೆರೆಯುತ್ತವೆ. ಮಡಿಲಲ್ಲಿ ಒಂದು, ಸೆರಗಿಗೆ ಎರಡು ಮಕ್ಕಳಿದ್ದರೆ ಒಂದೂ ತೆರೆಯುವುದಿಲ್ಲ. ತಾಯಂದಿರಿಗೆ ಮಕ್ಕಳ ಕಾಟ ತಪ್ಪುತ್ತಿತ್ತು, ಜೈನಾಬಳಿಗೆ ಮನೆಯ ಹೊರಗಿನ ಒಂದು ಸಂಜೆ ಸಿಗುತ್ತಿತ್ತು. ಬರುವಾಗ ನಿದ್ದೆಗಣ್ಣಿನ ಜಂಬಿಯ ತಲೆ ಅವಳ ಭುಜದ ಮೇಲಿರುತ್ತಿತ್ತು. ಸಿನಿಮಾಕ್ಕಿಂತ ಆ ಭಾರವೇ ಅವಳಿಗೆ ನೆನಪಿನಲ್ಲಿ ಉಳಿಯುತ್ತಿತ್ತು.

ಆದರೆ ಈ ಸಲ ಕಟ್ಟೆಯ ಮೇಲೆ ತಾಯಂದಿರ ಪಂಚಾಯಿತಿ ಕೂತಿತು.

"ಹೋದ ಸಲ ಹಾವಿನ ಪಿಚ್ಚರ್ ನೋಡಿ ಬಂದು ನಮ್ಮ ಮಕ್ತುಂ ದಿನಾ ಹಾಸಿಗ್ಯಾಗ ಉಚ್ಚಿ ಹೊಯ್ಕಂಡ" ಎಂದಳು ಅವನ ತಾಯಿ ಶರೀಫಾ ಬೀ. "ದರ್ಗಾಕ್ಕ ಹೋಗಿ ತಾಯತ ಕಟ್ಟಿಸ್ಕಂಡು ಬಂದ ಮ್ಯಾಲೆ ನಿಂತಿತು. ಈಗ ದೆವ್ವದ್ದಂತ. ನಾ ಒಲ್ಲೆನವ್ವ."

"ನಮ್ಮ ಜಂಬೀದೇನು ಚಿಂತಿ ಇಲ್ಲ. ದೆವ್ವಾನ ಹಿಡ್ದು ಕಚ್ತಾಳ ಆಕಿ" ಎಂದು ಬಸಲಿಂಗಮ್ಮ ನಕ್ಕಳು. ಆಮೇಲೆ ತುಸು ಯೋಚಿಸಿ, "ಆದ್ರೂ ಸಣ್ಣವು ಅದಾವ. ಮೊದ್ಲು ಯಾರರ ಒಬ್ಬರು ಹೋಗಿ ನೋಡ್ಕಂಡು ಬರ್ಲಿ. ಸಾರಿನ ಉಪ್ಪು ನೋಡ್ದಂಗ" ಎಂದಳು.

"ಯಾರು ಹೋಗ್ತಾರ? ನಾವು ಹೋದ್ರ ಮನ್ಯಾಗ ರೊಟ್ಟಿ ಬಡಿಯೋರು ಯಾರು, ನಿನ್ನ ಗಂಡನೇನು?" ಎಂದಳು ಶರೀಫಾ ಬೀ.

"ಜೈನಾಬ್ ಹೋಗ್ಲಿ. ಸುಳ್ಳು ಹೇಳಾಕ ಬಾಯಿ ಬೇಕಲ್ಲ, ಆಕಿಗೆ ಅದಾ ಇಲ್ಲ."

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಜೈನಾಬಳೂ ನಕ್ಕಳು. ಸಂಜೆ ಬಸಲಿಂಗಮ್ಮ ಮಾಬುಸಾಬನ ಮುಂದೆ ನಿಂತು ಅಪ್ಪಣೆ ಕೇಳಿದಳು. "ಮಾಬಣ್ಣ, ಹೆಂಗಸರ ಗೇಟಿನಾಗ ಟಿಕೀಟು ಹರಿಯಾಕಿ ನಮ್ಮ ನಾದಿನೀನ. ಬಾಜೂಕ ಕುಂದ್ರಿಸ್ಕಂತಾಳ. ಮಕ್ಕಳ ಸಲುವಾಗಿ ಕೇಳಾಕತ್ತೀನಿ." ಮಾಬುಸಾಬ್ ತಲೆಯಾಡಿಸಿದ.

ಹಾಗೆ ಜೈನಾಬ್ ಮೊದಲನೇ ಆಟಕ್ಕೆ ಮಕ್ಕಳಿಲ್ಲದೆ ಹೋದಳು. ಗಂಡಸರಿಗೂ ಹೆಂಗಸರಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ, ಕೂರಲು ಮರಳು. ಬಸಲಿಂಗಮ್ಮನ ನಾದಿನಿ ಅವಳನ್ನು ಒಂದು ಕಡೆ ಕೂರಿಸಿ, ಜಗಳವಾಡುತ್ತಿದ್ದವರ ಕಡೆಗೆ ಹೋದವಳು ತಿರುಗಿ ಬರಲೇ ಇಲ್ಲ. ಎಲ್ಲರ ಮಡಿಲಲ್ಲೂ ಏನಾದರೊಂದು ಇತ್ತು, ಕೂಸೋ ಮಂಡಕ್ಕಿಯ ಪೊಟ್ಟಣವೋ. ಜೈನಾಬಳಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಕೊನೆಗೆ ಮರಳಿನೊಳಗೆ ಹುದುಗಿಸಿ ಕೂತಳು.

ಸಿನಿಮಾ ಶುರುವಾದಾಗ ಅವಳಿಗೆ ನಗುವೇ ಬಂತು. ದೆವ್ವದ ಬಿಳಿ ರವಿಕೆಯ ತೋಳು ಒಂದು ಉದ್ದ, ಒಂದು ಗಿಡ್ಡ. ಒಳಗಿರುವುದು ಗಂಡಸಿನ ಭುಜ ಎಂಬುದು ಹೊಲಿಯುವವರಿಗೆ ಕಾಣದೆ ಇರುತ್ತದೆಯೆ? ಇಷ್ಟೇ ಆದರೆ ಚಿಂತೆಯಿಲ್ಲ, ನಾಳೆಯೇ ಕರೆದುಕೊಂಡು ಬರಬಹುದು ಅಂದುಕೊಂಡಳು.

ಇಂಟರ್ವಲ್ ಆದ ಮೇಲೆ ಆ ಸದ್ದು ಬಂತು. ಟಕಟಕಟಕ ಎಂದು ಓಡಿ, ತಡೆದು, ಮತ್ತೆ ಟಕಟಕ. ಪರದೆಯ ಮೇಲೆ ಒಂದು ಹಳೆಯ ಬಂಗಲೆ, ಅದರ ಮೂಲೆಯ ಕೋಣೆಯಲ್ಲಿ ಹೊಲಿಗೆ ಮಿಷಿನ್. ಬದುಕಿದ್ದಾಗ ದೆವ್ವ ಒಬ್ಬ ಹುಡುಗಿಯಾಗಿತ್ತಂತೆ. ಮದುವೆಯಾಗದವಳು, ಒಬ್ಬಳೇ ಇದ್ದವಳು, ಸುತ್ತಲಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಅಂಗಿ ಹೊಲಿದು ಕೊಡುತ್ತಿದ್ದವಳು. ಈಗ ಮೆಟ್ಟು ತಾನೇ ಏಳುತ್ತದೆ, ತಾನೇ ಇಳಿಯುತ್ತದೆ. ಸದ್ದು ಕೇಳಿ ಒಂದು ಕೂಸು ನಗುತ್ತಾ ಒಳಗೆ ಹೋಗುತ್ತದೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಸದ್ದು ನಿಲ್ಲುತ್ತದೆ. ಕೂಸು ಹೊರಗೆ ಬರುವುದಿಲ್ಲ. ರಕ್ತವಿಲ್ಲ, ಕೋರೆಹಲ್ಲಿಲ್ಲ. ಆಮೇಲೆ ಆ ಊರಿನವರೆಲ್ಲ ಮಿಷಿನ್ ಸದ್ದು ಕೇಳಿದೊಡನೆ ಮಕ್ಕಳನ್ನು ಒಳಗೆಳೆದು ಅಗಳಿ ಹಾಕುತ್ತಾರೆ.

ಹೆಂಗಸರು ಕಿರುಚಿದರು, ಕಿರುಚಿದ್ದಕ್ಕೆ ನಕ್ಕರು. ಜೈನಾಬಳ ಪಕ್ಕದಲ್ಲಿದ್ದ, ಅವಳ ಗುರುತಿಲ್ಲದ ಹೆಂಗಸು "ನಮ್ಮೂರಾಗೂ ಇಂಥಾಕಿ ಒಬ್ಬಾಕಿ ಟೇಲರ್ ಅದಾಳವ್ವ, ಇನ್ನ ಆಕಿ ಕಡೆ ಕುಪ್ಪಸ ಹಾಕಾದಿಲ್ಲ" ಎಂದು ಸುತ್ತಲಿನವರನ್ನು ನಗಿಸಿದಳು. ಜೈನಾಬ್ ಕೈಗಳನ್ನು ಮರಳಿನೊಳಗೆ ಇನ್ನೂ ಆಳಕ್ಕೆ ಹುದುಗಿಸಿದಳು.

ಮನೆಯಲ್ಲಿ ತಂದೆ ಕಾಯುತ್ತಿದ್ದ. "ಹ್ಯಾಂಗಿತ್ತು?" ಎಂದು ಕೇಳಿದ. ಅವನಾಗಿ ಏನನ್ನಾದರೂ ಕೇಳಿ ಬಹಳ ಕಾಲವಾಗಿತ್ತು. ಎಲ್ಲ ಹೇಳಿಬಿಡೋಣ ಅನ್ನಿಸಿತು. ಆದರೆ "ಚಲೋ ಐತಿ ಅಬ್ಬಾ" ಅಂದಳು. ಅವನು ಮಗ್ಗುಲಾದ.

ಅವಳಿಗೆ ನಿದ್ದೆ ಹತ್ತಲಿಲ್ಲ. ಬೇಡ ಅನ್ನಬೇಕು, ಅದೇನೋ ನಿಜ. ಆದರೆ ಯಾರಿಗಾಗಿ ಬೇಡ? ಬೇರೆ ಓಣಿಯ ಮಕ್ಕಳು ಅದನ್ನು ನೋಡಿ, ಒಂದು ಸಂಜೆ ಹೆದರಿ, ಮರೆತುಬಿಡುತ್ತವೆ. ಈ ಮಕ್ಕಳಿಗೆ ಮಾತ್ರ ಬೆಳಗಾದರೆ ಅದೇ ಸದ್ದು ಕೇಳುತ್ತದೆ. ಅವು ಹೆದರಿಯಾವು ಎಂದು ತನಗೆ ಭಯವೋ, ಬಾರದೆ ಹೋದಾವು ಎಂದು ಭಯವೋ? ಎರಡನ್ನೂ ಬಿಡಿಸಿ ನೋಡಲು ಹೋದಳು. ಬಿಡಿಸಲು ಬರಲಿಲ್ಲ.

ಬೆಳಗ್ಗೆ ನಲ್ಲಿಯ ಹತ್ತಿರ ಎಲ್ಲರೂ ಅವಳಿಗಾಗಿಯೇ ಕಾದಂತಿತ್ತು.

"ಏನಮ್ಮ ಜಡ್ಜ್ ಸಾಹೇಬ್ರೇ, ಏನು ತೀರ್ಪು?" ಎಂದಳು ಬಸಲಿಂಗಮ್ಮ.

"ಬ್ಯಾಡ್ರಿ."

"ಯಾಕ? ರಕ್ತ ಕುಡಿತೈತೇನು?"

"ಇಲ್ರಿ."

"ಹಾವು, ಹೆಣ, ಏನರ?"

"ಏನಿಲ್ರಿ."

"ಏನೂ ಇಲ್ಲದ್ದಕ್ಕ ಎದಕ್ಕ ಬ್ಯಾಡ ಅಂತೀಯೇ?" ಶರೀಫಾ ಬೀ ಕೊಡ ಕೆಳಗಿಟ್ಟಳು. "ಬಾಯಿ ಬಿಟ್ಟು ಹೇಳು."

ಜೈನಾಬ್ ಕೊಡದ ಕಂಠ ನೋಡುತ್ತಾ ನಿಂತಳು. ಬಂಗಲೆ, ಹುಡುಗಿ, ಒಳಗೆ ಹೋದ ಕೂಸು ಎಲ್ಲ ನಾಲಿಗೆಯ ತುದಿಗೆ ಬಂದವು. ಅದನ್ನೆಲ್ಲ ಹೇಳಿದರೆ ಆಮೇಲೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ನಿಮ್ಮ ಮಕ್ಕಳು ಬಾರದಿದ್ದರೆ ನನಗೆ ಯಾರೂ ಇಲ್ಲ ಎಂಬ ಮಾತನ್ನು ನಲ್ಲಿಯ ಮುಂದೆ ನಿಂತು ಹೇಗೆ ಹೇಳುವುದು?

"ಅದರಾಗ ಒಂದು ಹೊಲಿಗಿ ಮಿಷಿನ್ ಐತ್ರಿ" ಎಂದಳು.

 ನಗು ಒಡೆಯಿತು. ಶರೀಫಾ ಬೀ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಮಿಷಿನ್ನಿಗೆ ಹೆದರ್ತಾವಾ ನಮ್ಮ ಮಕ್ಕಳು! ನಿನ್ನ ಮಿಷಿನ್ ತಳಗಾ ಹುಟ್ಟಿದಂಗ ಅದಾವಲ್ಲೇ ಅವು!" ಬಸಲಿಂಗಮ್ಮ ಅವಳ ಬೆನ್ನ ಮೇಲೊಂದು ಗುದ್ದಿದಳು. "ಹೊರಗಿನ ಮಕ್ಕಳಾಗಿದ್ರ ಬ್ಯಾರೆ ಮಾತು. ಇವಕ್ಕ ದಿನಾ ನೋಡಿದ್ದ ಐತಿ. ನೋಡಿದ್ದಕ್ಕ ಯಾರರ ಹೆದರ್ತಾರ? ಕರಕಂಡು ಹೋಗು, ಹೋಗು. ನೀನೂ ಸಂಗಡ ಇರ್ತೀಯಲ್ಲ."

ಆ ಮಾತು ಎಷ್ಟು ಸರಿ ಅನ್ನಿಸುವಂತಿತ್ತೆಂದರೆ ಜೈನಾಬಳಿಗೂ ಹೌದೆನ್ನಿಸಿತು. ನಂಬಲು ಮನಸ್ಸಿತ್ತು, ನಂಬಿದಳು. ತಾನು ಜೊತೆಗಿರುವಾಗ ತನಗೇ ಹೆದರುತ್ತವೆಯೆ? ಇನ್ನೊಮ್ಮೆ ಬೇಡ ಅಂದಿದ್ದರೆ ಅವರು ಬಿಡುತ್ತಿದ್ದರೇನೋ. ಅನ್ನಲಿಲ್ಲ. ಭುಜದ ಮೇಲಿನ ಆ ಭಾರದ ಆಸೆಯೂ ಇತ್ತು.

ಸಂಜೆ ಮಕ್ಕಳನ್ನು ಕಟ್ಟಿಕೊಂಡು ಹೋದಳು. ಮೊದಲರ್ಧ ಅವು ಕೇಕೆ ಹಾಕಿ ನಕ್ಕವು. "ದೆವ್ವ ಮೀಸಿ ಬೋಳಿಸ್ಕಂಡೈತಲೇ!" ಎಂದು ಮಕ್ತುಂ ಕೂಗಿದ್ದಕ್ಕೆ ಗೋಡೆಯಾಚೆಯ ಗಂಡಸರು ಸಿಳ್ಳೆ ಹಾಕಿದರು. ಜಂಬಿ ಜೈನಾಬಳ ಮಡಿಲಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು.

ಟಕಟಕ ಸದ್ದು ಬಂದಾಗ ಜಂಬಿ ಮೊದಲು ಖುಷಿಪಟ್ಟಳು. "ಅಕ್ಕಾ, ನಮ್ಮ ಬಸ್ಸು!" ಎಂದಳು. ಬಂಗಲೆಯ ಕೂಸು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಸದ್ದು ನಿಂತಿತು. ಡೇರೆಯಲ್ಲಿ ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಜಂಬಿ ಒಬ್ಬಳು ತಿರುಗಿ ಜೈನಾಬಳ ಮುಖ ನೋಡಿದಳು. ಅಳಲಿಲ್ಲ, ಕಿರುಚಲಿಲ್ಲ. ಬಾಯಲ್ಲಿದ್ದ ಮಂಡಕ್ಕಿಯನ್ನು ಅಗಿಯುವುದು ನಿಲ್ಲಿಸಿ ನೋಡಿದಳು. ಆಮೇಲೆ ಮಡಿಲಿನಿಂದ ಜಾರಿ, ಮರಳ ಮೇಲೆ ತೆವಳಿಕೊಂಡು ಮಕ್ತುಮನ ಆಚೆ ಬದಿಗೆ ಹೋಗಿ ಕೂತಳು.

"ಜಂಬಿ, ಬಾರೇ ಇಲ್ಲಿ. ಅದು ಬರೇ ಪಿಚ್ಚರ್" ಎಂದಳು ಜೈನಾಬ್. ಜಂಬಿ ಮಕ್ತುಮನ ಅಂಗಿ ಹಿಡಿದುಕೊಂಡಳು. ಬರುವಾಗ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಮುಂದೆ ಮುಂದೆ ನಡೆದವು. ಜಂಬಿ ನಿದ್ದೆಗಣ್ಣಿನಲ್ಲೇ ನಡೆದಳು, ಎತ್ತಿಕೋ ಅನ್ನಲಿಲ್ಲ.

ಮರುದಿನ ಬಿಸಿಲು ಏರಿತು. ಯಾರೂ ಬರಲಿಲ್ಲ. ಬೇವಿನಮರದ ಕೆಳಗೆ ಆಡುವ ಸದ್ದು ಕೇಳಿಸುತ್ತಿತ್ತು. ಜೈನಾಬ್ ಮಿಷಿನ್ ತುಳಿದಳು. ಹೊರಗಿನ ಗಲಾಟೆ ತಟ್ಟನೆ ನಿಂತಿತು. ಪಾದ ತೆಗೆದಳು. ತುಸು ಹೊತ್ತಿನ ಮೇಲೆ ಮತ್ತೆ ಆಟ ಶುರುವಾಯಿತು. ಮಿಷಿನ್ನಿನ ಮೇಲಿದ್ದ ಲಂಗದ ಉಳಿದ ಹೊಲಿಗೆಯನ್ನು ಅವಳು ಕೈಯಲ್ಲೇ ಮುಗಿಸಿದಳು.

ಹಾಗೆಯೇ ದಿನಗಳು ಹೋದವು. ಮಕ್ತುಂ ತಾಯಿ ಕಳಿಸಿದ ಬಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಓಡಿದ. ಜಂಬಿ ಆ ಬಾಗಿಲ ಮುಂದೆ ಬಂದಾಗ ಓಣಿಯ ಆಚೆ ಮಗ್ಗುಲಿಗೆ ಸರಿದು ಹೋಗುತ್ತಿದ್ದಳು. ತಾಯಂದಿರಿಗೆ ಇದು ತಿಳಿಯದೇ ಇರಲಿಲ್ಲ. ತಿಳಿದು ನಕ್ಕರು. ಡೇರೆ ಹಡಗಲಿಯ ಕಡೆಗೆ ಹೋದ ಮೇಲೂ ಆ ನಗು ಹೋಗಲಿಲ್ಲ. ಮಕ್ಕಳ ಹೆದರಿಕೆ ಅವರಿಗೆ ಉಪಯೋಗಕ್ಕೆ ಬಂತು.

ಜೈನಾಬಳ ಮನೆಗೂ ಬಸಲಿಂಗಮ್ಮನ ಮನೆಗೂ ನಡುವಿನ ಗೋಡೆ ಮಾಳಿಗೆಯ ತೊಲೆಗೆ ಮುಟ್ಟಿರಲಿಲ್ಲ. ಒಂದು ಸಂಜೆ ಅವಳು ಒಲೆಯ ಮುಂದೆ ಕೂತಿದ್ದಾಗ ಆಚೆಯಿಂದ ಎಲ್ಲ ಸ್ಪಷ್ಟವಾಗಿ ಕೇಳಿಸಿತು.

"ಉಣ್ತೀಯೋ ಇಲ್ಲೋ? ಇಲ್ಲಂದ್ರ ಜೈನಾಬಕ್ಕನ ಮನಿಗೆ ಬಿಟ್ಟು ಬರ್ತೀನಿ ನೋಡು. ಕೇಳು, ಮಿಷಿನ್ ತುಳ್ಯಾಕತ್ಯಾಳ!"

ಜೈನಾಬಳ ಮಿಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು.

"ಉಣ್ತೀನಿ, ಉಣ್ತೀನಿ" ಎಂದು ಜಂಬಿ ಬಿಕ್ಕುವುದು ಕೇಳಿಸಿತು. ಅದರ ಹಿಂದೆಯೇ ಬಸಲಿಂಗಮ್ಮ ಗಂಡನಿಗೆ ಹೇಳಿದಳು. "ನೋಡ್ರಿ, ಈಗ ಹ್ಯಾಂಗ ನುಂಗ್ತಾಳ! ಆಕಿ ಹೆಸರು ಹೇಳಿದ್ರ ಸಾಕು." ದನಿಯಲ್ಲಿ ಕೇಡು ಇರಲಿಲ್ಲ. ದಿನದ ಕೆಲಸವೊಂದು ಸುಲಭವಾದವರ ದನಿ ಅದು.

ಜೈನಾಬ್ ಎದ್ದು ಗೋಡೆಯ ಹತ್ತಿರ ಬಂದಳು. ಒಮ್ಮೆ ಕೆಮ್ಮಿದಳು.

"ಬಸಲಿಂಗಕ್ಕಾ" ಎಂದಳು.

ಆಚೆ ಮಾತು ನಿಂತಿತು. ತಾಟಿನ ಸದ್ದೂ ನಿಂತಿತು. ಯಾರೋ ಮೆಲ್ಲಗೆ ಉಶ್ ಅಂದರು.

ಅವರು ಅಲ್ಲೇ ಇದ್ದಾರೆ, ಕೇಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಮಣ್ಣಿನ ಗೋಡೆಗೆ ಅಂಗೈ ಊರಿ, ತೊಲೆಯ ಸಂದಿಯ ಕಡೆಗೆ ಮುಖವೆತ್ತಿ, ತನಗೆ ಬರುವಷ್ಟು ಗಟ್ಟಿಯಾಗಿ ಹೇಳಿದಳು.

"ನನ್ನ ಹೆಸರು ಹೇಳಿ ಹೆದರಿಸಬ್ಯಾಡ್ರಿ."