ತಾಮ್ರದ ಹಂಡೆಯಲ್ಲಿ ಸಮುದ್ರದ ನೀರು

ಅಕ್ಕನಿಗೆ ತವರಿನಿಂದ ಏನೂ ಬಂದಿರಲಿಲ್ಲ. ಸೀರೆಯಿಲ್ಲ, ಪಾತ್ರೆಯಿಲ್ಲ, ಒಂದು ಅರಿಶಿನದ ಕೊಂಬೂ ಇಲ್ಲ.

ಎರಡು ವರ್ಷದ ಹಿಂದೆ ಅಕ್ಕ ಸಿಂಚನ ರಿಜಿಸ್ಟ್ರಾರ್ ಕಚೇರಿಯಲ್ಲಿ ತಿಮ್ಮೇಶನನ್ನು ಮದುವೆಯಾದಳು. ಅವನು ಕೆ.ಆರ್. ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ನಮ್ಮಪ್ಪ ದೊರೆಸ್ವಾಮಿ ಶ್ರೀರಂಗಪಟ್ಟಣದ ಒಂದು ದೇವಸ್ಥಾನದಲ್ಲಿ ಪರಿಚಾರಕರು. ಸುದ್ದಿ ಬಂದ ದಿನ ಅವರು ತಲೆಗೆ ಸ್ನಾನ ಮಾಡಿ ಬಂದು, ಈ ಮನೆಯಲ್ಲಿ ಅವಳ ಹೆಸರು ಎತ್ತಬಾರದು ಎಂದರು. ಯಾರೂ ಎತ್ತಲಿಲ್ಲ.

ಅವಳ ಮೀನಿನ ತೊಟ್ಟಿ ಮಾತ್ರ ನಡುಮನೆಯಲ್ಲೇ ಉಳಿಯಿತು. ಎರಡಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಉಪ್ಪುನೀರು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಸಿಂಚನ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಮಾಡಿಕೊಂಡದ್ದು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದು ಕೆಂಪು ಸೀಗಡಿ, ಆರು ಬಸವನಹುಳು. ಜೊತೆಗೆ ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳುವ ಒಂದು ಪ್ರಾಣಿ. ಅಮ್ಮ ಅದನ್ನು ಸೇವಂತಿಗೆ ಎನ್ನುತ್ತಿದ್ದಳು. ಮೀನಿನ ಆಹಾರಕ್ಕೆ ಮೀನಿನದೇ ವಾಸನೆ. ಅಮ್ಮ ದಿನವೂ ಮೂಗು ಮುಚ್ಚಿಕೊಂಡು ಅದನ್ನು ಹಾಕಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದಳು. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅಪ್ಪ ನೋಡಿಯೂ ನೋಡದವರಂತೆ ಇದ್ದರು.

ಕಳೆದ ಆಗಸ್ಟಿನಲ್ಲಿ ನಾನು ಹಾಸ್ಟೆಲಿನಿಂದ ಬಂದಾಗ ಅಕ್ಕನಿಗೆ ಏಳು ತಿಂಗಳು ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ಪೂರ್ತಿ ಬಿಡಿಸಿ ಮುಗಿಸಿದಳು.

"ಸೀಮಂತಕ್ಕೆ ನಾನು ಹೋಗೋ ಹಾಗಿಲ್ಲ. ಆ ಮೀನಾದ್ರೂ ಹೋಗ್ಲಿ ಕಣೋ," ಎಂದಳು.

ಅಪ್ಪನಿಗೆ ಹೇಳಿದಾಗ ಅವರು, "ಆ ಹಾಳು ತೊಟ್ಟಿ ತೊಲಗಿದ್ರೆ ಸಾಕು," ಎಂದರು. ನಮಗೆ ಅದೇ ಒಪ್ಪಿಗೆ.

ಅಕ್ಕ ಫೋನಿನಲ್ಲಿ ಎಲ್ಲ ಹೇಳಿದಳು. ನಾನು ಮೆಸ್ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡೆ. ಹಳೆಯ ನೀರನ್ನು ಚೆಲ್ಲದೆ ತರಬೇಕು. ಮರಳು ತೊಳೆಯಬಾರದು. ಕಲ್ಲು ಒಣಗಬಾರದು. ಜೀವ ಇರುವವನ್ನು ಅದೇ ನೀರಿನ ಚೀಲಗಳಲ್ಲಿ ಹಾಕಬೇಕು. ಉಳಿದ ನೀರಿಗೆ ಪ್ಲಾಸ್ಟಿಕ್ ಕ್ಯಾನು ಮಾತ್ರ, ಬೇರೆ ಯಾವ ಪಾತ್ರೆಯೂ ಬೇಡ. ಕೊನೆಯದನ್ನು ಅವಳು ಎರಡು ಸಲ ಹೇಳಿದಳು.

ಹೊರಡುವ ಹಿಂದಿನ ಸಂಜೆ ಹಿತ್ತಿಲಿನಲ್ಲಿ ಅಮ್ಮ ಹುಣಿಸೆಹಣ್ಣು ಹಚ್ಚಿ ತಾಮ್ರದ ಹಂಡೆ ಉಜ್ಜುತ್ತಿದ್ದಳು. ಅದು ಅಟ್ಟದ ಮೇಲೆ ಗೋಣಿಚೀಲ ಸುತ್ತಿಕೊಂಡು ಕೂತಿದ್ದ ಹಂಡೆ. ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟದ್ದು. ಅಕ್ಕ ಹುಟ್ಟಿದಾಗಲೇ, ಇದು ಅವಳ ಮದುವೆಗೆ ಎಂದು ಎತ್ತಿಟ್ಟಿದ್ದರು.

"ಇದ್ಯಾಕಮ್ಮ?"

"ನೀರಿಗೆ. ಒಂದು ಕ್ಯಾನು ಫಿನಾಯಿಲ್ ವಾಸನೆ ಬರ್ತಿದೆ."

ನಾನು ಚೀಟಿ ಓದಿ ಹೇಳಿದೆ. ಅಮ್ಮ ತಲೆ ಎತ್ತಲಿಲ್ಲ.

"ದೇವರ ತೀರ್ಥ ಎದ್ರಲ್ಲಿ ಇಡ್ತಾರೋ? ತಾಮ್ರದಲ್ಲಿ ನೀರು ಶುದ್ಧ ಆಗುತ್ತೆ."

"ಕಿಲುಬು ಬರಲ್ವಾ?"

"ಹುಳಿ ಇಟ್ರೆ ಬರುತ್ತೆ. ಇದು ಉಪ್ಪುನೀರು ತಾನೆ? ಕಾಲೇಜಿಗೆ ಹೋದ ಮೇಲೆ ಪಾತ್ರೆ ವಿಷಯಾನೂ ನೀನೇ ಹೇಳ್ಕೊಡು ನಂಗೆ."

ಕ್ಯಾನು ಮೂಸಿ ನೋಡಿದೆ. ಯಾವ ವಾಸನೆಯೂ ಇರಲಿಲ್ಲ. ಆಗ ಅರ್ಥವಾಯಿತು. ಹಂಡೆಯನ್ನು ಹಂಡೆಯೆಂದು ಕಳಿಸಿದರೆ ಅಪ್ಪ ತಡೆಯುತ್ತಾರೆ, ನೀರು ತುಂಬಿದ ಪಾತ್ರೆ ಎಂದರೆ ಹೋಗುತ್ತದೆ. ಅಕ್ಕನಿಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಅವಳು ಬೇಡ ಎನ್ನುತ್ತಾಳೆ, ಹಂಡೆ ಮತ್ತೆ ಅಟ್ಟ ಸೇರುತ್ತದೆ. ನಾನು ಫೋನು ಮಾಡಲಿಲ್ಲ. ತೊಟ್ಟಿಯಿಂದ ಮೂರು ಬಕೆಟ್ ನೀರನ್ನು ನಾನೇ ತೆಗೆದು ಹಂಡೆಗೆ ಸುರಿದೆ. ಅಮ್ಮ ಬಾಯಿಗೆ ತಟ್ಟೆ ಮುಚ್ಚಿ ಬಟ್ಟೆ ಕಟ್ಟಿದಳು.

ಬೆಳಿಗ್ಗೆ ಕೆಂಪಣ್ಣನ ಲಗೇಜು ಆಟೋ ಬಂತು. ಅಪ್ಪ ದೇವಸ್ಥಾನಕ್ಕೆ ಹೊರಟವರು ಆಟೋದಲ್ಲಿದ್ದ ಹಂಡೆಯನ್ನು ನೋಡಿದರು. ಒಂದು ನಿಮಿಷ ನಿಂತರು. "ನೀರು ತುಳುಕುತ್ತೆ, ನಡುವೆ ಇಡಿ," ಎಂದು ಹೇಳಿ ಹೋದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನು ಹಿಂದೆ ಕೂತು ಮೀನಿನ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಪಾಂಡವಪುರ ದಾಟುವಷ್ಟರಲ್ಲಿ ರಸ್ತೆಯಲ್ಲಿ ಹದಿನಾಲ್ಕು ಹಂಪು ಸಿಕ್ಕಿದವು.

"ಮೆತ್ತಗೆ ಕೆಂಪಣ್ಣ."

"ಇನ್ನೆಷ್ಟು ಮೆತ್ತಗೆ ಓಗ್ಲಪ್ಪ? ಬಸುರಿ ಎಂಗ್ಸ್ನೂ ಇಂಗೆ ಕರ್ಕಂಡೋಗಿಲ್ಲ ನಾನು."

ಅಕ್ಕ ತಾನು ಪಾಠ ಹೇಳುವ ಶಾಲೆಗೆ ಹೋಗಿದ್ದಳು. ನನಗಾಗಿ ಕಾಯಬೇಡಿ, ಚೀಲದಲ್ಲಿ ಹೆಚ್ಚು ಹೊತ್ತು ಇಡಬೇಡಿ ಎಂದು ಹೇಳಿದ್ದಳು. ಬಾಗಿಲಲ್ಲಿ ತಿಮ್ಮೇಶ ಮತ್ತು ಅವನ ತಾಯಿ ಬೀರಮ್ಮ ಇದ್ದರು.

"ಇದೇನ್ಲಾ ತಿಮ್ಮೇಶ, ಪೂಜಾರ್ರ ಮನೆಯಿಂದ ಮೀನು ಬಂದದೆ! ಬೀಗ್ರು ಬಾಡೂಟಕ್ಕೆ ಕಳ್ಸವ್ರಾ?"

"ಸುಮ್ಕಿರವ್ವ, ಅವ್ಳು ಕೇಳುಸ್ಕಂಡ್ರೆ ನಿನ್ನೇ ಸಾರು ಮಾಡ್ತಾಳೆ," ಎಂದ ತಿಮ್ಮೇಶ.

ಹಂಡೆ ಇಳಿಸಿದಾಗ ಬೀರಮ್ಮನ ನಗು ನಿಂತಿತು. ಅದರ ಕಂಠವನ್ನು ಸವರಿದರು. "ಅಂಡೆ ಕಳ್ಸವ್ರೆ ಅಂದ್ರೆ ಒಪ್ಕಂಡವ್ರೆ ಅಂತ್ಲೇ ಕಣ್ಲಾ," ಎಂದು ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಹಚ್ಚಿದರು.

ಮರಳು, ಕಲ್ಲು, ಕ್ಯಾನಿನ ನೀರು, ಹಂಡೆಯ ನೀರು. ಚೀಟಿಯಲ್ಲಿದ್ದ ಕ್ರಮದಲ್ಲೇ ಹಾಕಿದೆವು. ಚೀಲಗಳನ್ನು ಅರ್ಧ ಗಂಟೆ ತೇಲಬಿಟ್ಟೆವು. ಎರಡು ಗಂಟೆಗೆ ಮೀನುಗಳು ತೊಟ್ಟಿಯಲ್ಲಿ ಓಡಾಡುತ್ತಿದ್ದವು.

ಅಕ್ಕ ನಾಲ್ಕೂವರೆಗೆ ಬಂದಳು. ತೊಟ್ಟಿಯನ್ನು ಆಮೇಲೆ ನೋಡಿದಳು. ಮೊದಲು ನೋಡಿದ್ದು ಬಾಗಿಲ ಪಕ್ಕದ ಹಂಡೆಯನ್ನು. ಹೊಟ್ಟೆ ಹಿಡಿದುಕೊಂಡು ಅದರ ಪಕ್ಕ ನೆಲದ ಮೇಲೆ ಕೂತಳು. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ. ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಅಮ್ಮ ಎತ್ತಿದಳು.

"ಹಂಡೆ ತಲುಪ್ತಾ?"

"ಹೂಂ."

"ಕಾಲು ಊದಿದ್ಯಾ?"

"ಸ್ವಲ್ಪ."

ಇಪ್ಪತ್ತು ನಿಮಿಷ ಮಾತಾಡಿದರು. ಫೋನಿಟ್ಟ ಮೇಲೆ ಅಕ್ಕ ಹಂಡೆಯೊಳಗೆ ಕೈ ಹಾಕಿದಳು. ಬೆರಳನ್ನು ನಾಲಗೆಗೆ ಮುಟ್ಟಿಸಿದಳು.

"ಅಭಯ್, ಇದ್ರಲ್ಲಿ ಏನು ತಂದೆ?"

ಹೇಳಿದೆ. ತಿಮ್ಮೇಶ ಮೊಬೈಲಿನ ಬೆಳಕು ಬಿಟ್ಟ. ಒಳಗೋಡೆಯ ಮೇಲೆ ನೀರು ನಿಂತಿದ್ದ ಮಟ್ಟದಲ್ಲಿ ಹಸಿರು ಗೆರೆ ಇತ್ತು. ದಿನವಿಡೀ ತಾಮ್ರದ ತಂತಿ ಸುತ್ತುವವನು, ನೋಡಿದ ಕೂಡಲೇ "ಕಿಲುಬು" ಎಂದ.

"ಇಡೀ ರಾತ್ರಿ ಇತ್ತಾ?" ಎಂದಳು ಅಕ್ಕ. "ಉಪ್ಪುನೀರಿಗೆ ತಾಮ್ರ ಬಿಡುತ್ತೆ ಕಣೋ. ಇವಕ್ಕೆ ಅದು ವಿಷ."

ತೊಟ್ಟಿಯಲ್ಲಿ ಸೀಗಡಿ ಆಗಲೇ ಪಕ್ಕಕ್ಕೆ ಬಿದ್ದಿತ್ತು. ಬದಲಿಸಲು ಬೇರೆ ನೀರಿರಲಿಲ್ಲ. ಅದಕ್ಕೆ ಬೇಕಾದ ಉಪ್ಪು ಮೈಸೂರಿನಲ್ಲಿ ಸಿಗುತ್ತಿತ್ತು. ತಿಮ್ಮೇಶ ಬೈಕು ತೆಗೆದು ಹೊರಟ. ಅವನು ಹೋದ ಅಂಗಡಿ ಅಂದು ಮುಚ್ಚಿತ್ತು. ಸಂಜೆಗೆ ಬಸವನಹುಳುಗಳು ಗಾಜಿನಿಂದ ಒಂದೊಂದಾಗಿ ಉದುರಿದವು. ಸೇವಂತಿಗೆ ಮುದುಡಿ ಲೋಳೆಯಾಯಿತು. ಬೆಳಿಗ್ಗೆ ಎದ್ದಾಗ ಮೀನುಗಳೂ ಸತ್ತಿದ್ದವು.

"ಅಮ್ಮಂಗೆ ಹೇಳ್ಬೇಡ," ಎಂದಳು ಅಕ್ಕ.

ಅಮ್ಮ ದಿನವೂ ಅಪ್ಪ ಪೂಜೆಗೆ ಹೋದ ಹೊತ್ತು ನೋಡಿ ಫೋನು ಮಾಡಿದಳು. ಮೊದಲು ಮೀನು ಹೇಗಿವೆ ಎಂದು ಕೇಳುತ್ತಿದ್ದಳು, ಆಮೇಲೆ ಮಗು ಒದೆಯುತ್ತಾ ಎಂದು. ಎರಡಕ್ಕೂ ಅಕ್ಕ ಚೆನ್ನಾಗಿದೆ ಎನ್ನುತ್ತಿದ್ದಳು. ಹನ್ನೆರಡನೆಯ ದಿನ ನಾನು ಮನೆಯಲ್ಲಿದ್ದೆ. ಮೀನನ್ನು ನೋಡಬೇಕು, ಫೋಟೋ ತರಿಸು ಎಂದಳು ಅಮ್ಮ. ನನ್ನ ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

"ಇದು ನಮ್ಮ ಗೋಡೆ ಕಣೋ."

ನಾನು ಫೋನು ಹಿಂದಕ್ಕೆ ತೆಗೆದುಕೊಂಡೆ.

"ಎಲ್ಲಾನೂ ಹೋದ್ವಾ?"

"ಹೂಂ."

"ಹಂಡೆಯಿಂದಾನಾ?"

ಆಟೋ ಕುಲುಕಿದ್ದಕ್ಕೆ ಎನ್ನಬಹುದಿತ್ತು. "ಹೂಂ," ಎಂದೆ. ಕ್ಯಾನು ಮೂಸಿದ್ದನ್ನೂ, ಗೊತ್ತಿದ್ದೂ ನಾನೇ ನೀರು ಸುರಿದದ್ದನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದಳು.

ಸಂಜೆ ಅಕ್ಕನ ಫೋನು ಬಂತು. ಅಮ್ಮ ಎತ್ತಲಿಲ್ಲ.

"ತುಂಬು ಬಸುರಿಗೆ ನನ್ನ ಕೈಯಿಂದ ಮೊದಲು ಹೋದದ್ದು ಸಾವು. ಬೇಡ. ನನ್ನ ಕೈಯೂ ಬೇಡ, ದನಿಯೂ ಬೇಡ ಅವಳಿಗೆ."

ಮೂಢನಂಬಿಕೆ ಎಂದು ನಾನು ಕೂಗಾಡಿದೆ. ಅಪ್ಪನೂ ಒಂದು ಸಲ, "ಫೋನು ಹೊಡ್ಕೋತಿದೆ ಶಾರದಾ," ಎಂದರು. ಅವಳು ಫೋನನ್ನು ಅಕ್ಕಿ ಡಬ್ಬದ ಹಿಂದಿಟ್ಟಳು.

ಅಕ್ಟೋಬರಿನಲ್ಲಿ ಅಕ್ಕನಿಗೆ ಹೆಣ್ಣು ಮಗುವಾಯಿತು. ಆ ಹಂಡೆಯಲ್ಲೇ ಬೀರಮ್ಮ ಮಗುವಿಗೆ ನೀರು ಕಾಯಿಸುತ್ತಾರೆ. ಮಗು ಚೆನ್ನಾಗಿದೆ ಎಂದು ಅಮ್ಮನಿಗೆ ಹೇಳಿದ್ದೇನೆ. ಅವಳು ಹೋಗಿಲ್ಲ, ಫೋನೂ ಮಾಡಿಲ್ಲ.

ಹೋದದ್ದು ಎರಡು ಮೀನು, ಒಂದು ಸೀಗಡಿ, ಒಂದು ಸೇವಂತಿಗೆ, ಆರು ಬಸವನಹುಳು. ಅಮ್ಮ ಮತ್ತು ಅಕ್ಕ ಮಾತಾಡಿದ್ದು ಒಟ್ಟು ಹನ್ನೊಂದು ದಿನ.