ಚಂದ್ರಕಾಳಿಯ ತುಂಡು

ಹಳೇ ಅರಬೀಗೆ ಹೊಸಾ ಭಾಂಡೇ, ಹಳೇ ಬಟ್ಟೆಗೆ ಪಾತ್ರೆ ಕೊಡುವ ಭಾಂಡೆಯವಳ ಕೂಗು ಆಗಲೇ ನಮ್ಮ ಓಣಿ ದಾಟಿ ಅಣ್ಣಿಗೇರಿ ಸ್ಟೇಷನ್ ಕಡೆ ಹೋಯಿತು, ಓಡಿದರೆ ಸಿಕ್ಕಾಳು, ಒದ್ದೆ ಕೂದಲಲ್ಲಿ ಬಾಗಿಲಲ್ಲೇ ನಿಂತಿದ್ದೇನೆ, ಅಪ್ಪನ ಅಕ್ಕ ಅನ್ನಪೂರ್ಣಾಬಾಯಿ ಹೊಸ ಸ್ಟೀಲ್ ಬೋಗುಣಿ ಒರೆಸುತ್ತಿದ್ದಾಳೆ, ಕರಿ ಬಟ್ಟೆಯ ತುಂಡಿನಿಂದ, ತುಂಡಿನ ಮೇಲೊಂದು ಬೆಳ್ಳಿ ಚುಕ್ಕಿ — ನಾನು ಜಳಕಕ್ಕೆ ಹೋದ ಹೊತ್ತು ನೋಡಿ ನನ್ನ ಕರಿ ಲಂಗ ಕೊಟ್ಟು ಬೋಗುಣಿ ತಗೊಂಡಿದ್ದಾಳೆ, ಒರೆಸಲಿಕ್ಕೆ ಒಂದು ತುಂಡು ಹರಿದಿಟ್ಟುಕೊಂಡು. ಪೀಡಾ ಹೋತು ನೋಡ ರಂಜನಾ, ಅಂತಾಳೆ, ನಗುತ್ತ. ತುಟಿಗೆ ಕಾಡಿಗಿ ಹಚ್ಚತಾರೇನ್ಲೇ, ಯಾರ ಸತ್ತಾರಂತ ಈ ವೇಷಾ? ಯಾರು ಸತ್ತಿದ್ದಾರೆ! ನನ್ನ ಹೆತ್ತ ಆಯಿ ಸತ್ತಿದ್ದಾಳೆ ಅತ್ತಿ, ವರ್ಷ ತುಂಬಿಲ್ಲ, ಮೂರೇ ತಿಂಗಳಿಗೆ ಹಸಿರು ಬಳೆ ಇಡಿಸಿ ಇನ್ನ ನಗವಾ ಅಂದಿರಿ, ನಗದೆ ಇರುವುದಕ್ಕೆ ನನಗೊಂದು ಬಟ್ಟೆ ಬೇಕಿತ್ತು, ಅದು ಮೊಬೈಲಿನಲ್ಲಿ ಸಿಕ್ಕಿತು, ಗಾಥ್ ಅಂತ ಹೆಸರು, ಮೈತುಂಬ ಕರಿ ಉಟ್ಟು ತುಟಿಗೂ ಕರಿ ಬಳಿಯುವ ರೀತಿ, ಇಂಗ್ಲೆಂಡಿನ ಥಂಡಿ ಊರುಗಳಲ್ಲಿ ನಲವತ್ತೈದು ವರ್ಷದ ಹಿಂದೆ, ಕೈಯಲ್ಲಿ ಕೆಲಸವಿಲ್ಲದ ಹುಡುಗ ಹುಡುಗಿಯರು, ದುಃಖದ ಹಾಡು ಕೇಳುತ್ತ, ಹಳೇ ಬಟ್ಟೆ ಅಂಗಡಿಯಿಂದ ಯಾರದೋ ಅಜ್ಜಿಯ ಕರಿ ಗೌನು ತಂದು ಕತ್ತರಿಸಿ ಹೊಲಿದುಕೊಂಡವರು, ಗಂಡ ಸತ್ತ ರಾಣಿಯೊಬ್ಬಳು ತಾನು ಸಾಯುವ ತನಕ ಕರಿ ಬಿಡಲಿಲ್ಲವಂತೆ, ಆ ಕಾಲದ ಗೌನು, ಅವರಿಗೂ ಯಾರಾದರೂ ನಗು ಅಂದಿರಬೇಕು, ಅವರು ಕೇಳಲಿಲ್ಲ, ನಾನೂ ಕೇಳುವುದಿಲ್ಲ.

ಕರಿ ಅಪಶಕುನವಂತೆ, ಎಂಥ ಸುಳ್ಳು, ಊರ ಸುತ್ತ ಎರೆ ಹೊಲ ಕರಿ, ಕೂಸಿನ ಗಲ್ಲದ ಬೊಟ್ಟು ಕರಿ, ನಿನ್ನ ತಾಳಿಯ ಮಣಿ ಕರಿ, ಸಂಕ್ರಾಂತಿಗೆ ಹೊಸ ಸೊಸೆಗೆ ಉಡಿಸುವ ಸೀರೆ ಕರಿ, ನೀವು ಉಡಿಸಿದರೆ ಶುಭ, ನಾನು ಉಟ್ಟರೆ ಪೀಡಾ — ನನ್ನ ಲಂಗ ಅದೇ ಸೀರೆ ಅತ್ತಿ, ಆಯಿಯ ಮೊದಲ ಸಂಕ್ರಾಂತಿಯ ಬೆಳ್ಳಿ ಚುಕ್ಕಿಯ ಚಂದ್ರಕಾಳಿ, ನಿರಿಗೆ ಹಿಡಿದವಳು ನೀನೇ, ಕುಸುರೆಳ್ಳಿನ ಸರ ಹಾಕಿದವಳು ನೀನೇ, ಫೋಟೋದಲ್ಲಿ ನಿನ್ನ ಕೈ ಇದೆ, ನಾನು ಟ್ರಂಕಿನಿಂದ ತೆಗೆದು ಕತ್ತರಿ ಹಾಕಿದೆ, ಯಾರಿಗೂ ಹೇಳಲಿಲ್ಲ, ತಪ್ಪು ನನ್ನದೂ ಇದೆ, ಆದರೆ ಲಂಗವಾದ ಮಾತ್ರಕ್ಕೆ ನಿನಗೆ ಗುರುತೇ ಹತ್ತಲಿಲ್ಲವೇ, ಹರಿಯುವಾಗಲೂ? ಹೇಳಬಾರದು ಅಂದುಕೊಂಡೆ, ಹೇಳಿಬಿಟ್ಟೆ, ಗಂಟಲು ಹರಿಯುವಂತೆ, ಅತ್ತಿ, ನಿನ್ನ ಕೈಯಾಗಿಂದು ಆಯಿ ಸೀರಿ ಬೇ, ಸಂಕ್ರಾಂತೀದು — ಭಾಂಡೆಯವಳ ಕೂಗು ಈಗ ಕೇಳಿಸುತ್ತಿಲ್ಲ, ಬೋಗುಣಿ ಕಟ್ಟೆಯ ಮೇಲೆ ಕೂತಿತು, ಅತ್ತೆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಒರೆಸು, ಇನ್ನೂ ಒರೆಸು, ಅನ್ನಬೇಕೆಂದಿದ್ದೆ, ಅವಳ ಹೆಬ್ಬೆರಳು ಆ ಚುಕ್ಕಿಯ ಮೇಲೆ, ನಿಂತೇ ಬಿಟ್ಟಿದೆ, ಬೆಳ್ಳಿ ಚುಕ್ಕಿ, ಹೆಬ್ಬೆರಳು, ಚುಕ್ಕಿ